ಮುಖವಾಡ ಹಾಕ್ಕೊಂಡೋರು ಯಾರು ಸ್ವಾಮಿ?

ಹೋದ ತಿಂಗಳು ಒಂದು ಭಾನುವಾರ ಬೆಳಗ್ಗೆ ನಮ್ಮ ಅರಸೀಕೆರೆ ಕಡೆ ಒಂದು ಲೈಬ್ರರಿಯಲ್ಲಿ ಮಾತಾಡಿದ್ದು ಇದು. ಸ್ನೇಹಿತ ಒಬ್ಬ ಫೋನ್ ಮಾಡಿ "ತಂತ್ರಜ್ಞಾನ ಮತ್ತು ದೈನಂದಿನ ಬದುಕು ಅಂತ ಪಾಂಪ್ಲೆಟ್‌ನಲ್ಲಿ ಹಾಕ್ಸಿಬಿಟ್ಟಿದೀನಿ, ಮುಕ್ಕಾಲು ಗಂಟೆ ಏನಾದ್ರೂ ಮಾತಾಡೋ" ಅಂದ. ನಾನು ಹೋಗಿ ಕಾಮಿಕ್ಸ್ ಬಗ್ಗೆ ಮಾತಾಡಿ ಬಂದೆ, ಅವನಿಗೆ ಇನ್ನೂ ಸ್ವಲ್ಪ ಸಿಟ್ಟಿದೆ. ಬಂದಿದ್ದೋರಲ್ಲಿ ಕೆಲವರು ಬರೆದುಕೊಡಿ ಅಂತ ಕೇಳಿದ್ರು. ರೆಕಾರ್ಡಿಂಗನ್ನ ಫೋನ್‌ಗೆ ಕೇಳಿಸಿ ಅದರ ಕೈಲೇ ಟೈಪ್ ಮಾಡಿಸೋಣ ಅಂತ ಹೋದ್ರೆ ಅದು ಫ್ಯಾಂಟಮ್ ಅನ್ನೋ ಕಾಮಿಕ್ಸ್ ಹೀರೋ ಹೆಸರು ಬಂದ ಕಡೆಯೆಲ್ಲ "ಪಂಚಮ" ಅಂತ ಹಾಕ್ತು, ಆಮೇಲೆ ಸುಮ್ನೆ ನಾನೇ ಕೂತು ಬರೆದೆ. ಅಲ್ಲಲ್ಲಿ ಆಗ ಮರೆತಿದ್ದನ್ನ ಈಗ ಸೇರಿಸಿದೀನಿ.

ಎಲ್ಲರಿಗೂ ನಮಸ್ಕಾರ. ಮೊದಲೇ ಹೇಳ್ಬಿಡ್ತೀನಿ, ನಾನು ದೊಡ್ಡ ಟೆಕ್ನಾಲಜಿ ಪಂಡಿತ ಏನಲ್ಲ. ಬೆಂಗಳೂರಲ್ಲಿ ಒಂದು ಕಂಪನೀಲಿ ಲಾಗಿನ್ ವಿಭಾಗದಲ್ಲಿ ಕೆಲಸ. ಅಂದ್ರೆ ಪಾಸ್‌ವರ್ಡ್ ಮರೆತೋರನ್ನ ಒಳಗೆ ಬಿಡೋದು, ಬೇರೆಯೋರ ಪಾಸ್‌ವರ್ಡ್ ಗೊತ್ತಿರೋರನ್ನ ಹೊರಗೆ ನಿಲ್ಲಿಸೋದು. ಇಪ್ಪತ್ತು ವರ್ಷದಿಂದ ಇದೇ ಹೊಟ್ಟೆಪಾಡು. "ನೀನು ಯಾರು? ನೀನು ನೀನೇ ಅಂತ ಹೇಗೆ ನಂಬೋದು?" ದಿನಾ ಬೆಳಗ್ಗಿಂದ ಸಂಜೆವರೆಗೆ ಜನಗಳನ್ನ ಈ ಎರಡು ಪ್ರಶ್ನೆ ಕೇಳೋದಕ್ಕೆ ನನಗೆ ಸಂಬಳ. ಸನ್ಯಾಸಿಗಳೂ ಇದನ್ನೇ ಕೇಳ್ತಾರೆ ಅನ್ನಿ, ಅವರಿಗೆ ಪಿಎಫ್ ಇಲ್ಲ ಅಷ್ಟೇ.

ನಾನು ಚಿಕ್ಕೋನಿದ್ದಾಗ, 83-84ರ ಮಾತು, ನಮ್ಮೂರಿಗೆ ಪ್ರಪಂಚ ಅನ್ನೋದು ರೈಲ್ವೆ ಸ್ಟೇಷನ್ ಬುಕ್ ಸ್ಟಾಲ್ ಮೂಲಕ ಬರ್ತಿತ್ತು. ಜಂಕ್ಷನ್ ಅಲ್ವಾ, ಹುಬ್ಬಳ್ಳಿ ಕಡೆ ಗಾಡಿ, ಬೆಂಗಳೂರು ಕಡೆ ಗಾಡಿ, ಎರಡೂ ನಿಲ್ತಿದ್ವು, ಸ್ಟಾಲ್‌ನಲ್ಲಿ ಕ್ಲಿಪ್ಪು ಹಾಕಿ ದಾರಕ್ಕೆ ನೇತುಹಾಕಿದ ಇಂದ್ರಜಾಲ ಕಾಮಿಕ್ಸ್. ಕೊಂಡುಕೊಳ್ಳೋಕೆ ದುಡ್ಡಿಲ್ಲ, ಆದ್ರೆ ಸ್ಟೇಷನ್ ರೋಡಲ್ಲಿ ಒಬ್ಬರು ಹಳೇ ಕಾಮಿಕ್ಸ್‌ನ ದಿನಕ್ಕೆ ನಾಲ್ಕಾಣೆ ಬಾಡಿಗೆಗೆ ಕೊಡೋರು, ಹಾಳೆ ಹರಿದ್ರೆ ಎಂಟಾಣೆ ದಂಡ. ನಾವು ಮೂರು ಜನ ಸೇರಿ ಒಂದು ತಗೊಂಡು, ಒಬ್ಬ ಎಡಗಡೆ ಪುಟ, ಒಬ್ಬ ಬಲಗಡೆ ಪುಟ, ಇನ್ನೊಬ್ಬ ತಲೆಕೆಳಗಾಗಿ ಎದುರುಗಡೆ ಕೂತು ಓದೋದು, ಯಾರು ಮೊದಲು ಮುಗಿಸ್ತಾರೋ ಅವರು ಪುಟ ತಿರುಗಿಸೋ ಹಾಗಿಲ್ಲ, ಅದೇ ಜಗಳ. ಇವತ್ತಿಗೂ ನಾನು ತಲೆಕೆಳಗಾದ ಅಕ್ಷರ ಸಲೀಸಾಗಿ ಓದ್ತೀನಿ, ಆಫೀಸಲ್ಲಿ ಎದುರಿಗೆ ಕೂತ ಮ್ಯಾನೇಜರ್ ಮೇಜಿನ ಮೇಲಿನ ಪೇಪರ್ ಓದೋಕೆ ಬಹಳ ಉಪಯೋಗ ಆಗಿದೆ.

ಇಂದ್ರಜಾಲ ಶುರುವಾಗಿದ್ದು 1964ರಲ್ಲಿ, ಟೈಮ್ಸ್ ಆಫ್ ಇಂಡಿಯಾ ಬಳಗದಿಂದ, ನಿಂತಿದ್ದು 1990ರಲ್ಲಿ. ಅದರ ಶುರುವಿನ ದಿನಗಳಲ್ಲಿ ಅಲ್ಲಿ ಕೆಲಸ ಮಾಡಿದೋರಲ್ಲಿ ನಮ್ಮ ಕಾರ್ಕಳದ ಅನಂತ ಪೈ ಒಬ್ಬರು. ಆಮೇಲೆ ಅವರೇ 1967ರಲ್ಲಿ ಅಮರ ಚಿತ್ರ ಕಥಾ ಮಾಡಿದ್ದು. ಟೀವಿ ಕ್ವಿಜ್‌ನಲ್ಲಿ ಗ್ರೀಕ್ ದೇವರ ಹೆಸರೆಲ್ಲ ಹೇಳೋ ಮಕ್ಕಳು ರಾಮನ ತಾಯಿ ಯಾರು ಅಂದ್ರೆ ಬಾಯಿ ಬಿಡಲಿಲ್ಲ ಅಂತ ಬೇಜಾರಾಗಿ ಶುರು ಮಾಡಿದ್ರಂತೆ. ನನ್ನ ಕೇಳಿದ್ರೆ ಕೌಸಲ್ಯೆನೂ ಹೇಳ್ತಿದ್ದೆ, ಫ್ಯಾಂಟಮ್‌ನ ಕುದುರೆ ಹೆಸರೂ ಹೇಳ್ತಿದ್ದೆ. ಕುದುರೆ ಹೀರೋ, ತೋಳ ಡೆವಿಲ್. ಅದನ್ನ ನಾಯಿ ಅಂದೋರ ಜೊತೆ ನಾವು ಮಾತು ಬಿಡ್ತಿದ್ವಿ.

ಫ್ಯಾಂಟಮ್‌ನ ಕಟ್ಟಿದ್ದು ಲೀ ಫಾಕ್ ಅನ್ನೋ ಅಮೆರಿಕದವನು. ಪೇಪರ್‌ನಲ್ಲಿ ಮೊದಲು ಬಂದಿದ್ದು 1936ರ ಫೆಬ್ರವರಿ 17ಕ್ಕೆ, ಅಂದ್ರೆ ಸೂಪರ್‌ಮ್ಯಾನ್‌ಗಿಂತ ಎರಡು ವರ್ಷ ಮುಂಚೆ. ಫ್ಯಾಂಟಮ್‌ಗೆ ಬೂದು ಬಣ್ಣದ ಬಟ್ಟೆ ತೊಡಿಸಬೇಕು ಅಂತ ಫಾಕ್ ಅಂದ್ಕೊಂಡಿದ್ದ. ಆದ್ರೆ 1939ರಲ್ಲಿ ಭಾನುವಾರದ ಕಲರ್ ಪುಟ ಶುರುವಾದಾಗ ನೇರಳೆ ಬಣ್ಣ ಆಗೋಯ್ತು. ದಟ್ಟ ಹಸಿರು ಕಾಡಿನ ಮಧ್ಯೆ ನೇರಳೆ ಬಟ್ಟೆ ಹಾಕ್ಕೊಂಡು ಯಾರ ಕಣ್ಣಿಗೂ ಬೀಳದೆ ಓಡಾಡೋನು, ಅದನ್ನ ನಾವು ಯಾರೂ ಪ್ರಶ್ನೆ ಮಾಡಲಿಲ್ಲ. ಇನ್ನೊಂದು ನೋಡಿ, ಆ ಮುಖವಾಡದ ಒಳಗೆ ಕಣ್ಣುಗುಡ್ಡೆ ಬರೀತಿರಲಿಲ್ಲ. ಬರೀ ಬಿಳಿ. ಗ್ರೀಕ್ ಪ್ರತಿಮೆಗಳ ಕಣ್ಣಲ್ಲಿ ಪಾಪೆ ಇರಲ್ಲ, ಅದು ನೋಡೋಕೆ ಒಂಥರಾ ಭಯ ಹುಟ್ಟಿಸುತ್ತೆ, ಅಲ್ಲಿಂದ ತಗೊಂಡೆ ಅಂತ ಫಾಕ್ ಹೇಳಿಕೊಂಡಿದಾನೆ. ಕಣ್ಣಲ್ಲಿ ಪಾಪೆ ಇಲ್ಲ, ಮುಖ ಯಾರೂ ನೋಡಿಲ್ಲ. ಈ ಮನುಷ್ಯನಿಗೆ ಆಧಾರ್ ಮಾಡಿಸೋಕೆ ಸಾಧ್ಯನಾ ಹೇಳಿ.

ಈಗ ವಿಷಯಕ್ಕೆ ಬರ್ತೀನಿ. ಒಂದು ದಿನ ಹಜಾರದಲ್ಲಿ ಬಿದ್ದುಕೊಂಡು ಓದ್ತಿದ್ದೆ, ನಮ್ಮಮ್ಮ ಕೊಬ್ಬರಿ ಸುಲೀತಾ ಕೂತಿದ್ಲು. ಬಗ್ಗಿ ಪುಸ್ತಕ ನೋಡಿ "ಯಾರೋ ಇವ್ನು, ಕಳ್ಳನಾ?" ಅಂದ್ಲು. ಅಲ್ಲಮ್ಮ, ಇವನು ಒಳ್ಳೆಯೋನು, ಕಳ್ಳರನ್ನ ಹಿಡಿಯೋನು ಅಂದೆ. "ಒಳ್ಳೆಯೋನಾದ್ರೆ ಮುಖ ಯಾಕೋ ಮುಚ್ಕೊಂಡಿದಾನೆ?" ಅಂತ ಕೇಳಿ ಮತ್ತೆ ಕೊಬ್ಬರಿ ಕಡೆ ತಿರುಗಿದ್ಲು. ನನಗೆ ಆಗ ಉತ್ತರ ಬರಲಿಲ್ಲ. ನಿಜ ಹೇಳ್ಬೇಕು ಅಂದ್ರೆ ಈ ನಲವತ್ತು ವರ್ಷದಲ್ಲಿ ಈ ಪ್ರಶ್ನೆ ನನ್ನ ಕಿವಿಗೆ ಎಷ್ಟು ಸಲ ಬಿದ್ದಿದೆಯೋ, ಟೀವಿ ಡಿಬೇಟ್‌ನಲ್ಲಿ, ಮೀಟಿಂಗ್‌ನಲ್ಲಿ, ಕೋರ್ಟ್ ವಾದದ ವರದಿಗಳಲ್ಲಿ, "ತಪ್ಪು ಮಾಡಿಲ್ಲ ಅಂದ್ರೆ ಮುಚ್ಚಿಡೋಕೆ ಏನಿದೆ?" ಅಂತ. ನಮ್ಮಮ್ಮ ಅವರೆಲ್ಲರಿಗಿಂತ ಮುಂಚೆ ಕೇಳಿದ್ಲು, ಅದೂ ಕೈಯಲ್ಲಿ ಮಚ್ಚು ಹಿಡ್ಕೊಂಡು.

ನಮ್ಮ ಕಾಮಿಕ್ಸ್ ಲೋಕದಲ್ಲಿ ಒಂದು ಕಾನೂನಿತ್ತು. ಮುಖವಾಡ ಹಾಕ್ಕೊಂಡೋರು ಹೆಚ್ಚುಕಮ್ಮಿ ಒಳ್ಳೆಯೋರು. ಕೆಟ್ಟೋರು ರಾಜಾರೋಷವಾಗಿ ಮುಖ ತೋರಿಸಿಕೊಂಡು ಓಡಾಡೋರು, ಸೂಟು ಹಾಕ್ಕೊಂಡು, ಸಿಗಾರ್ ಸೇದ್ಕೊಂಡು, ದೊಡ್ಡ ಕಟ್ಟಡದ ಮೇಲಿನ ಮಹಡಿಯಲ್ಲಿ. ಸ್ಪೈಡರ್‌ಮ್ಯಾನ್ ಮುಖ ಮುಚ್ಕೋತಾನೆ ಯಾಕಂದ್ರೆ ಮನೇಲಿ ವಯಸ್ಸಾದ ಮೇ ಚಿಕ್ಕಮ್ಮ ಇದಾಳೆ, ಅವಳ ಮನೆ ವಿಳಾಸ ಯಾರಿಗೂ ಸಿಗಬಾರದು. ಸೂಪರ್‌ಮ್ಯಾನ್ ಇನ್ನೂ ಬಡಪಾಯಿ, ಒಂದು ಕನ್ನಡಕದಲ್ಲೇ ಮುಗಿಸಿಬಿಟ್ಟ. ನಮ್ಮ ಬೆಂಗಳೂರು ಏರ್‌ಪೋರ್ಟ್‌ನಲ್ಲಿ 2022ರ ಡಿಸೆಂಬರ್‌ನಿಂದ ಡಿಜಿಯಾತ್ರ ಇದೆ, ಮುಖ ತೋರಿಸಿದ್ರೆ ಗೇಟ್ ತೆಗೆಯುತ್ತೆ, ಕನ್ನಡಕ ಹಾಕಿದ್ರೂ ತೆಗೆಯುತ್ತೆ. ಅಲ್ಲಿ ಕನ್ನಡಕ ಹಾಕ್ಕೊಂಡು ಕ್ಲಾರ್ಕ್ ಕೆಂಟ್ ಅನ್ನೋ ಹೆಸರಲ್ಲಿ ಓಡಾಡೋ ಸೂಪರ್‌ಮ್ಯಾನ್ ಮೊದಲನೇ ದಿನವೇ ಸಿಕ್ಕಿಬೀಳ್ತಾನೆ. ಅದೂ ಅಲ್ದೆ ಬಟ್ಟೆ ಬದಲಾಯಿಸೋಕೆ ಈಗ ಫೋನ್ ಬೂತ್ ಎಲ್ಲಿದೆ. ಕಾಮಿಕ್ಸ್‌ನಲ್ಲಿ ಅವನು ಬೂತ್‌ಗೆ ನುಗ್ಗಿದ್ದು ಕಮ್ಮಿನೇ, ಅದು ಜನಪ್ರಿಯ ಆಗಿದ್ದು 1941ರ ಒಂದು ಕಾರ್ಟೂನ್‌ನಿಂದ, ಇರಲಿ. ನಮ್ಮ ಸ್ಟೇಷನ್ ಮುಂದಿದ್ದ ಹಳದಿ ಬೋರ್ಡಿನ ಎಸ್‌ಟಿಡಿ ಬೂತ್ ಈಗ ಮೊಬೈಲ್ ಕವರ್ ಅಂಗಡಿ.

ಟೆಕ್ನಾಲಜಿ ಬಗ್ಗೆ ಮಾತಾಡು ಅಂತ ಕರೆದಿದಾರೆ, ಅದಕ್ಕೆ ಒಂದು ನಿಜ ಕಥೆ ಹೇಳ್ತೀನಿ. ಕಾಮಿಕ್ಸ್ ನೋಡಿ ವಿಜ್ಞಾನಿಗಳು ಸಾಮಾನು ಮಾಡಿದ್ರು ಅಂತ ಬೇಕಾದಷ್ಟು ಹೇಳ್ತಾರೆ, ಡಿಕ್ ಟ್ರೇಸಿ ಅನ್ನೋ ಪತ್ತೇದಾರ 1946ರಲ್ಲೇ ಕೈಗಡಿಯಾರದಲ್ಲಿ ಮಾತಾಡ್ತಿದ್ದ, ಇವತ್ತಿನ ಸ್ಮಾರ್ಟ್‌ವಾಚ್ ನೋಡಿ ಅಂತೆಲ್ಲ. ಸರಿ. ಆದ್ರೆ ನನಗೆ ನಿದ್ದೆ ಕೆಡಿಸಿದ ಕಥೆ ಬೇರೆ. ಅಮೆರಿಕದ ನ್ಯೂ ಮೆಕ್ಸಿಕೋ ರಾಜ್ಯ, ಆಲ್ಬುಕರ್ಕಿ ಅಂತ ಊರು. ಅಲ್ಲಿ ಜಾಕ್ ಲವ್ ಅಂತ ಒಬ್ಬ ಜಡ್ಜು. 1977ರಲ್ಲಿ, ಅದೇ ವರ್ಷ ಸ್ಪೈಡರ್‌ಮ್ಯಾನ್ ದಿನಪತ್ರಿಕೆಗಳಲ್ಲಿ ಸ್ಟ್ರಿಪ್ ಆಗಿ ಬರೋಕೆ ಶುರುವಾಗಿತ್ತು, ಜಡ್ಜ್ ಸಾಹೇಬ್ರು ಪೇಪರ್ ಓದ್ತಿದಾರೆ, ಅದರಲ್ಲಿ ಕಿಂಗ್‌ಪಿನ್ ಅನ್ನೋ ದಡಿಯ ಖಳನಾಯಕ ಸ್ಪೈಡರ್‌ಮ್ಯಾನ್ ಕೈಗೆ ಒಂದು ಬಳೆ ತೊಡಿಸಿಬಿಡ್ತಾನೆ. ಎಲೆಕ್ಟ್ರಾನಿಕ್ ಬಳೆ. ಇವನು ಎಲ್ಲಿಗೆ ಹೋದ್ರೂ ಅವನಿಗೆ ಗೊತ್ತಾಗುತ್ತೆ. ಜಡ್ಜ್‌ಗೆ ತಲೆಗೆ ಹೊಳೀತು. ಜೈಲುಗಳು ತುಂಬಿ ತುಳುಕ್ತಿವೆ, ಸಣ್ಣಪುಟ್ಟ ತಪ್ಪು ಮಾಡಿದೋರಿಗೆ ಇಂಥದ್ದೊಂದು ಹಾಕಿ ಮನೇಲೇ ಇಟ್ರೆ ಹೇಗೆ ಅಂತ.

ಕಂಪನಿಗಳ ಹತ್ರ ಕೇಳಿದ್ರು, ಯಾರೂ ಗಂಭೀರವಾಗಿ ತಗೊಳ್ಳಲಿಲ್ಲ. ಕೊನೆಗೆ ಮೈಕಲ್ ಗಾಸ್ ಅಂತ ಕಂಪ್ಯೂಟರ್ ಸಾಮಾನು ಮಾರೋ ಕೆಲಸದಲ್ಲಿದ್ದವನು ಒಬ್ಬ ಸಿಕ್ಕಿ, ಸಿಗರೇಟ್ ಪ್ಯಾಕ್ ಗಾತ್ರದ್ದು ಒಂದು ಮಾಡಿದ, ಕಾಲಿಗೆ ಕಟ್ಟೋದು, ಮನೆ ಟೆಲಿಫೋನ್ ಲೈನ್‌ಗೆ ಸೇರಿಸಿದ ಇನ್ನೊಂದು ಪೆಟ್ಟಿಗೆಗೆ ಅದು ಆಗಾಗ ಸಿಗ್ನಲ್ ಕಳಿಸ್ತಾ ಇರುತ್ತೆ, ಮನೆ ಬಿಟ್ಟು ದೂರ ಹೋದ್ರೆ ಸಿಗ್ನಲ್ ನಿಂತು ಸುದ್ದಿ ಮುಟ್ಟುತ್ತೆ. ಜಡ್ಜ್ ಮಾಡಿದ್ದೇನು ಗೊತ್ತಾ, ಬೇರೆಯೋರಿಗೆ ಕಟ್ಟೋಕೆ ಮುಂಚೆ ತನ್ನ ಕಾಲಿಗೆ ತಾನೇ ಕಟ್ಕೊಂಡು ಮೂರು ವಾರ ಓಡಾಡಿದ್ರು. 1983ರಲ್ಲಿ ಮೊದಲ ಅಪರಾಧಿಗೆ ಹಾಕಿದ್ರು. ಹಾಗಂತ ಇದನ್ನ ಅವರೊಬ್ಬರೇ ಕಂಡುಹಿಡಿದ್ರು ಅಂದ್ರೆ ತಪ್ಪಾಗುತ್ತೆ, 1960ರ ದಶಕದಲ್ಲೇ ಹಾರ್ವರ್ಡ್‌ನಲ್ಲಿ ಇಬ್ಬರು ಅಣ್ಣತಮ್ಮಂದಿರು ಇಂಥ ರೇಡಿಯೋ ಸಾಮಾನು ಕಟ್ಟಿ ಪ್ರಯೋಗ ಮಾಡಿದ್ರು, ಅವರ ಉದ್ದೇಶ ಶಿಕ್ಷೆಗಿಂತ ಹುಡುಗರನ್ನ ಹುರಿದುಂಬಿಸೋದಾಗಿತ್ತು. ಆದ್ರೆ ಕೋರ್ಟಿನ ಬಾಗಿಲು ದಾಟಿ ಒಳಗೆ ಬಂದಿದ್ದು ಸ್ಪೈಡರ್‌ಮ್ಯಾನ್ ಮೂಲಕ. ನೆನಪಿಟ್ಕೊಳ್ಳಿ, ಅದು ಹೀರೋ ಕಂಡುಹಿಡಿದ ಸಾಮಾನಲ್ಲ. ವಿಲನ್‌ದು. ಕಥೇಲಿ ಸ್ಪೈಡರ್‌ಮ್ಯಾನ್‌ಗೆ ಅದು ಬಲೆ, ಕಿತ್ತು ಬಿಸಾಕೋಕೆ ಒದ್ದಾಡ್ತಾನೆ. ಹಾರೋದು, ಗೋಡೆ ಹತ್ತೋದು, ಕಣ್ಣಲ್ಲಿ ಬೆಂಕಿ ಬಿಡೋದು, ಇದ್ಯಾವ್ದೂ ನಮಗೆ ಸಿಗಲಿಲ್ಲ, ನಮ್ಮ ಪಾಲಿಗೆ ಬಂದಿದ್ದು ಕಿಂಗ್‌ಪಿನ್‌ನ ಬಳೆ.

ನಮಗೇನು ಸಂಬಂಧ ಅಂತೀರಾ. ಜೇಬಿಗೆ ಕೈ ಹಾಕಿ ನೋಡಿ. ಹೋದ ವರ್ಷ ನನ್ನ ಮಗಳು ಮನೆಯೋರೆಲ್ಲರ ಫೋನ್‌ನಲ್ಲಿ ಲೈವ್ ಲೊಕೇಶನ್ ಆನ್ ಮಾಡಿಸಿದ್ಲು. ಸೇಫ್ಟಿ ಅಪ್ಪಾ ಅಂದ್ಲು. ನಾನೂ ಖುಷಿಯಾಗಿ ಒಪ್ಪಿಕೊಂಡೆ, ಯಾಕಂದ್ರೆ ಅವಳು ಕಾಲೇಜಿಂದ ಎಷ್ಟೊತ್ತಿಗೆ ಹೊರಟ್ಲು ಅಂತ ನನಗೂ ಗೊತ್ತಾಗಬೇಕಿತ್ತು. ಅಲ್ಲಿಗೆ ಡಾಕ್ಟರು ನನಗೆ ಎಣ್ಣೆ ಪದಾರ್ಥ ಬಿಡಿ ಅಂದು ಎರಡು ತಿಂಗಳಾಗಿತ್ತು. ಒಂದು ದಿನ ಆಫೀಸಿಂದ ಬರ್ತಾ ದರ್ಶಿನಿ ಮುಂದೆ ನಿಂತು, ಉದ್ದಿನ ವಡೆ, ಆಗ ತಾನೇ ಬಾಣಲೆಯಿಂದ ತೆಗೆದದ್ದು, ಸಾಂಬಾರಲ್ಲಿ ಅರ್ಧ ಮುಳುಗಿಸಿ ಚಮಚ ಇಡ್ತಿದೀನಿ, ಫೋನ್ ಟಿಂಗ್ ಅಂತು. "ಅಪ್ಪಾ, ಕಾಫಿ ಮಾತ್ರ ಅಲ್ವಾ?" ಅಷ್ಟೇ ಮೆಸೇಜು. ನಾನು ಅಲ್ಲೇ ಸುತ್ತ ನೋಡಿದೆ. ಕಳ್ಳನ ಥರ. ವಡೆ ಬಿಡಲಿಲ್ಲ ಬಿಡಿ, ಆದ್ರೆ ರುಚಿ ಹೋಯ್ತು. ಇದರಲ್ಲಿ ನನ್ನ ಮಗಳು ಕಿಂಗ್‌ಪಿನ್ ಅಲ್ಲ, ಪ್ರೀತಿಗೇ ಮಾಡಿದ್ದು, ನಾನೂ ಅವಳ ಚುಕ್ಕಿ ಎಲ್ಲಿದೆ ಅಂತ ದಿನಕ್ಕೆ ಹತ್ತು ಸಲ ನೋಡ್ತೀನಿ, ಅವಳು ಯಾವ ಗೆಳತಿ ಮನೇಲಿ ಎಷ್ಟೊತ್ತು ಕೂತಿದ್ಲು ಅಂತ ಗೊತ್ತಿದ್ರೂ ಗೊತ್ತಿಲ್ಲದೋನ ಥರ ನಟನೆ ಮಾಡ್ತೀನಿ. ಈಗ ಮನೇಲಿ ನಾಲ್ಕೂ ಜನ ಸಿಐಡಿಗಳು, ನಾಲ್ಕೂ ಜನ ಆರೋಪಿಗಳು.

ನಿಜವಾದ ಕಾಲ್ಬಳೆ ನಮ್ಮ ದೇಶಕ್ಕೂ ಬಂದಾಯ್ತು. 2023ರ ನವೆಂಬರ್‌ನಲ್ಲಿ ಜಮ್ಮು ಕಾಶ್ಮೀರ ಪೊಲೀಸರು ಜಾಮೀನಿನ ಮೇಲೆ ಬಿಟ್ಟ ಒಬ್ಬ ಆರೋಪಿ ಕಾಲಿಗೆ ಜಿಪಿಎಸ್ ಸಾಧನ ಕಟ್ಟಿದ್ರು. ಅದಾದ ಮೇಲೆ ಇನ್ನೊಂದು ಕೇಸು ನನಗೆ ಬಹಳ ಸ್ವಾರಸ್ಯ ಅನ್ನಿಸಿದ್ದು. ಮಾದಕ ವಸ್ತು ಕೇಸಲ್ಲಿದ್ದ ಒಬ್ಬ ವಿದೇಶಿ ಆರೋಪಿಗೆ ಜಾಮೀನು ಕೊಡುವಾಗ, ಗೂಗಲ್ ಮ್ಯಾಪ್ಸ್‌ನಲ್ಲಿ ಪಿನ್ ಹಾಕಿ ನೀನು ಎಲ್ಲಿದೀಯ ಅಂತ ತನಿಖಾಧಿಕಾರಿಗೆ ಕಾಣೋ ಹಾಗೆ ಇಡಬೇಕು ಅಂತ ಷರತ್ತು ಹಾಕಿದ್ರು. 2024ರ ಜುಲೈ 8ಕ್ಕೆ ಸುಪ್ರೀಂ ಕೋರ್ಟು ಇಂಥ ಷರತ್ತು ಹಾಕೋ ಹಾಗಿಲ್ಲ, ಜಾಮೀನು ಸಿಕ್ಕೋನ ಖಾಸಗಿ ಬದುಕಲ್ಲಿ ಪೊಲೀಸರು ಸದಾ ಇಣುಕಿ ನೋಡೋಕೆ ಬಿಡಲ್ಲ ಅಂತ ಹೇಳ್ತು. ನಾನು ಆ ಸುದ್ದಿ ಓದಿದ್ದು ಆಟೋದಲ್ಲಿ, ಆ ಆಟೋ ಎಲ್ಲಿ ಹೋಗ್ತಿದೆ ಅಂತ ಆ್ಯಪ್‌ನೋರಿಗೆ, ಹೆಂಡತಿಗೆ, ಗೂಗಲ್‌ಗೆ ಮೂರು ಜನಕ್ಕೂ ಗೊತ್ತಿತ್ತು. ಆರೋಪಿಗೆ ಇರೋ ಹಕ್ಕನ್ನ ನಾನು "ಅಲೋ", ಅಂದ್ರೆ ಒಪ್ಪಿಗೆ ಇದೆ ಅನ್ನೋ ಬಟನ್ ಒತ್ತಿ ಕೊಟ್ಟುಬಿಟ್ಟಿದ್ದೆ.

ಮತ್ತೆ ಕಾಮಿಕ್ಸ್‌ಗೆ ಬರೋಣ. 2006ರಲ್ಲಿ ಸ್ಪೈಡರ್‌ಮ್ಯಾನ್ ಕಾಮಿಕ್ಸ್ ತರೋ ಮಾರ್ವೆಲ್ ಕಂಪನಿಯೋರು ಒಂದು ಕಥಾಸರಣಿ ತಂದ್ರು. ಸೂಪರ್‌ಹೀರೋಗಳ ಕಿತ್ತಾಟದಲ್ಲಿ ಒಂದು ಸ್ಕೂಲ್ ಹತ್ರ ಸ್ಫೋಟ ಆಗಿ ಮಕ್ಕಳು ಸಾಯ್ತಾರೆ, ಜನ ರೊಚ್ಚಿಗೇಳ್ತಾರೆ, ಸರ್ಕಾರ ಕಾನೂನು ತರುತ್ತೆ: ಮುಖವಾಡ ಹಾಕೋರೆಲ್ಲ ಬಂದು ನಿಜವಾದ ಹೆಸರು ನೋಂದಾಯಿಸಬೇಕು. ಐರನ್‌ಮ್ಯಾನ್ ಕಾನೂನಿನ ಪರ, ಕ್ಯಾಪ್ಟನ್ ಅಮೆರಿಕ ವಿರುದ್ಧ. ಸ್ಪೈಡರ್‌ಮ್ಯಾನ್ ಐರನ್‌ಮ್ಯಾನ್ ಮಾತು ನಂಬಿ ಟೀವಿ ಕ್ಯಾಮೆರಾ ಮುಂದೆ ಮುಖವಾಡ ಕಳಚಿ ನಾನೇ ಪೀಟರ್ ಪಾರ್ಕರ್ ಅಂತ ಹೇಳಿಬಿಡ್ತಾನೆ. ನಾನು ಅದನ್ನ ಓದಿದಾಗ ಇದು ಬ್ಯಾಂಕ್‌ನೋರು ಗುರುತಿನ ದಾಖಲೆ ಕೇಳೋ ಕೆವೈಸಿ ಅಲ್ವಾ ಅನ್ನಿಸ್ತು. ಕೊಟ್ಟೋರ ಕಡೆ ತಪ್ಪಿಲ್ಲ, ಕೇಳಿದೋರ ಕಡೆಯೂ ಕಾರಣ ಇದೆ, ಮಕ್ಕಳು ಸತ್ತಿದಾರೆ ಸ್ವಾಮಿ. ಆದ್ರೆ ಆಗಿದ್ದೇನು. ಅವನು ಯಾರು ಅಂತ ಕೆಟ್ಟೋರಿಗೆ ಗೊತ್ತಾಯ್ತು, ಗುಂಡು ಬಂದು ಮೇ ಚಿಕ್ಕಮ್ಮನಿಗೆ ಬಿತ್ತು. ಆಮೇಲೆ ಕಥೆ ಬರೆಯೋರಿಗೇ ಇದನ್ನ ಹೇಗೆ ಸರಿ ಮಾಡೋದು ಅಂತ ಗೊತ್ತಾಗದೆ 2007ರಲ್ಲಿ ಒಬ್ಬ ಸೈತಾನನ್ನ ಕರೆಸಿ, ಪೀಟರ್‌ನ ಮದುವೇನೇ ಅಳಿಸಿ ಚಿಕ್ಕಮ್ಮನ್ನ ಉಳಿಸಿದ್ರು, ಅವನ ಗುಟ್ಟೂ ಎಲ್ಲರ ತಲೆಯಿಂದ ಅಳಿಸಿಹೋಯ್ತು. ಓದುಗರು ಇವತ್ತಿಗೂ ಬೈತಾರೆ ಅದಕ್ಕೆ, ನಾನೂ ಬೈದಿದೀನಿ. ಆದ್ರೆ ಒಂದು ಮಾತು ಸತ್ಯ, ಒಂದ್ಸಲ ಹೊರಗೆ ಹೋದ ಮಾಹಿತಿ ವಾಪಸ್ ಬರಬೇಕು ಅಂದ್ರೆ ಸೈತಾನನೇ ಬರಬೇಕು. ನಮಗೆ 2023ರಲ್ಲಿ ಡಿಜಿಟಲ್ ವೈಯಕ್ತಿಕ ದತ್ತಾಂಶ ರಕ್ಷಣೆ ಅಂತ ಕಾಯ್ದೆ ಬಂದಿದೆ, ಅದರಲ್ಲಿ ನನ್ನ ಮಾಹಿತಿ ಅಳಿಸಿ ಅಂತ ಕೇಳೋ ಹಕ್ಕೂ ಇದೆ. ಮಾಲ್‌ನಲ್ಲಿ ಬನಿಯನ್ ತಗೊಂಡಾಗ ಕೊಟ್ಟ ಫೋನ್ ನಂಬರನ್ನ ವಾಪಸ್ ಕೇಳೋಕೆ ಮೊದಲು ಯಾವ ಬನಿಯನ್ ಅಂತ ನೆನಪಿರಬೇಕಲ್ಲ.

ಈಗ ನಮ್ಮಮ್ಮನ ಕಥೆ ಮುಗಿಸ್ತೀನಿ. ಅವಳಿಗೀಗ ಎಪ್ಪತ್ತನಾಲ್ಕು. ಎರಡು ವರ್ಷದ ಹಿಂದೆ ಊರಿಗೆ ಹೋದಾಗ ನಾನೂ ಅವಳ ಜೊತೆ ರೇಷನ್ ಅಂಗಡಿಗೆ ಹೋದೆ. ಕ್ಯೂ ಅಂಗಡಿ ಮೆಟ್ಟಿಲಿಂದ ಬೇವಿನ ಮರದವರೆಗೆ. ಅಮ್ಮನ ಸರದಿ ಬಂತು, ತಂಬ್ ಇಟ್ಲು. ಮಷೀನು ಕೆಂಪು ದೀಪ ತೋರಿಸ್ತು. ಸೆರಗಲ್ಲಿ ಒರೆಸಿಕೊಂಡು ಮತ್ತೆ ಇಟ್ಲು. ಕೆಂಪು. "ಆ ಬೆರಳು ಇಡಮ್ಮ" ಅಂದ್ರು ಅಂಗಡಿಯೋರು. ಹತ್ತೂ ಬೆರಳು ಆಯ್ತು. ಐವತ್ತು ವರ್ಷ ಕೊಬ್ಬರಿ ಸುಲಿದ ಕೈ ಅದು, ಚಿಪ್ಪಿನ ಮೇಲೆ ಉಜ್ಜಿ ಉಜ್ಜಿ ಬೆರಳ ತುದಿ ಹೊಳೆಯೋ ಹಾಗೆ ನುಣ್ಣಗಾಗಿದೆ, ಗೆರೆ ಎಲ್ಲಿಂದ ಬರಬೇಕು. ಅಮ್ಮ ಹೇಳಿದ್ಲು, "ನನ್ ಮುಖ ನೋಡಿದ್ರೆ ಗೊತ್ತಾಗಲ್ವೇನಪ್ಪ, ನಿಮ್ಮಪ್ಪ ಅಂಗಡಿ ಇಟ್ಟಾಗಿಂದ ಬರ್ತಿದೀನಿ." ಪಾಪ, ಅವರೂ ಒಳ್ಳೆಯೋರೇ. "ನನಗ್ ಗೊತ್ತಮ್ಮ. ಮಷೀನ್‌ಗೆ ಗೊತ್ತಿಲ್ಲ" ಅಂದ್ರು. ಅಷ್ಟರಲ್ಲಿ ಸರ್ವರ್ ಹೋಯ್ತು, ಕ್ಯೂನಲ್ಲಿದ್ದೋರೆಲ್ಲ ಬೇವಿನ ಮರದ ಕೆಳಗೆ ಕೂತ್ಕೊಂಡ್ರು. ಅಕ್ಕಿ ಸಿಕ್ಕಿದ್ದು ಮೂರನೇ ದಿನ, ನನ್ನ ತಮ್ಮ ಬಂದು ಅವನ ಬೆರಳು ಇಟ್ಟ ಮೇಲೆ. ಚೀಲ ಹೊತ್ಕೊಂಡು ಬರ್ತಾ ಅಮ್ಮ ಒಂದೇ ಸಮನೆ ತನ್ನ ಬೆರಳು ನೋಡ್ಕೋತಿದ್ಲು. ನಾನು ತಮಾಷೆಗೆ, "ನೋಡಮ್ಮ, ನಿನಗೂ ಫ್ಯಾಂಟಮ್ ಥರ ಗುರುತೇ ಇಲ್ಲ" ಅಂದೆ. "ಯಾರು, ಆ ಕಳ್ಳನಾ?" ಅಂದ್ಲು. ನಲವತ್ತು ವರ್ಷ ಆದ್ರೂ ಬಿಟ್ಟಿಲ್ಲ ನೋಡಿ.

ಇನ್ನೊಬ್ಬರ ಹೆಸರು ಹೇಳಲೇಬೇಕು. ಆಧಾರ್ ಅನ್ನೋದನ್ನ ಕಟ್ಟಿದ ನಂದನ್ ನಿಲೇಕಣಿ ಬೆಂಗಳೂರಿನೋರು, ಅದರ ತಂತ್ರಜ್ಞಾನ ಕೇಂದ್ರ ಇರೋದೂ ಬೆಂಗಳೂರಲ್ಲೇ, ಇದೆಲ್ಲರಿಗೂ ಗೊತ್ತು. ಅದೇ ಬೆಂಗಳೂರಲ್ಲಿ ಇನ್ನೊಬ್ಬರಿದ್ರು, ಕೆ.ಎಸ್. ಪುಟ್ಟಸ್ವಾಮಿ, ನಮ್ಮ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ. 2012ರಲ್ಲಿ ಆಧಾರ್ ವಿರುದ್ಧ ಸುಪ್ರೀಂ ಕೋರ್ಟಿಗೆ ಹೋದಾಗ ಅವರಿಗೆ 86 ವರ್ಷ. ಆ ವಯಸ್ಸಲ್ಲಿ ನಮ್ಮ ತಾತ ಹಲ್ಲುಸೆಟ್ ಎಲ್ಲಿಟ್ಟೆ ಅಂತ ಹುಡುಕ್ತಿದ್ರು. ಐದು ವರ್ಷ ಆದ ಮೇಲೆ, 2017ರ ಆಗಸ್ಟ್ 24ಕ್ಕೆ, ಒಂಬತ್ತು ಜನ ನ್ಯಾಯಮೂರ್ತಿಗಳು ಒಮ್ಮತದಿಂದ ಖಾಸಗಿತನ ಮೂಲಭೂತ ಹಕ್ಕು ಅಂದ್ರು. ಮುಂದಿನ ವರ್ಷ ಸೆಪ್ಟೆಂಬರ್‌ನಲ್ಲಿ ಆಧಾರ್ ಉಳೀತು, ಐದು ಜನ ನ್ಯಾಯಮೂರ್ತಿಗಳಲ್ಲಿ ನಾಲ್ಕು ಜನ ಒಪ್ಪಿದ ತೀರ್ಪು, ಆದ್ರೆ ಬ್ಯಾಂಕ್ ಅಕೌಂಟಿಗೆ, ಸಿಮ್ ಕಾರ್ಡಿಗೆ ಅದು ಕಡ್ಡಾಯ ಅನ್ನೋದು ಬಿದ್ದೋಯ್ತು. ಹಾಗಾಗಿ ಅವರು ಪೂರ್ತಿ ಗೆದ್ರು ಅಂತಲೂ ಹೇಳೋ ಹಾಗಿಲ್ಲ. 2024ರ ಅಕ್ಟೋಬರ್‌ನಲ್ಲಿ ತೀರಿಕೊಂಡ್ರು, 98 ವರ್ಷ. ದೇಶದ ಯಾವ ಮೂಲೇಲಿ ಖಾಸಗಿತನದ ಕೇಸು ನಡೆದ್ರೂ ವಕೀಲರ ಬಾಯಲ್ಲಿ ಈ ನಮ್ಮ ಹಳ್ಳಿ ಹೆಸರು ಬರುತ್ತೆ, ಪುಟ್ಟಸ್ವಾಮಿ ಪುಟ್ಟಸ್ವಾಮಿ ಅಂತ. ದೆಹಲಿಯೋರು ಅದನ್ನ ಉಚ್ಚಾರ ಮಾಡೋದು ಕೇಳೋಕೆ ನನಗೆ ಒಂಥರಾ ಖುಷಿ.

ಈಗ ಮುಖವಾಡ ಎಲ್ಲಿಗೆ ಹೋಯ್ತು ಅಂತ ನೋಡೋಣ. ಅಕ್ಕಿ ತಗೊಳ್ಳೋರ ಹತ್ರ ಇಲ್ಲ. ಹೋದ ವರ್ಷ ನಮ್ಮ ಚಿಕ್ಕಪ್ಪನಿಗೆ ವಿಡಿಯೋ ಕಾಲ್ ಬಂತು, ರಿಟೈರ್ಡ್ ಮೇಷ್ಟ್ರು ಅವರು. ಪೊಲೀಸ್ ಯೂನಿಫಾರ್ಮು, ಹಿಂದೆ ಬೋರ್ಡು, ನಿಮ್ಮ ಹೆಸರಲ್ಲಿ ಪಾರ್ಸಲ್ ಸಿಕ್ಕಿದೆ, ಡ್ರಗ್ಸ್ ಇದೆ, ನಿಮ್ಮನ್ನ ಡಿಜಿಟಲ್ ಅರೆಸ್ಟ್ ಮಾಡಿದೀವಿ, ಕ್ಯಾಮೆರಾ ಮುಂದಿಂದ ಏಳೋ ಹಾಗಿಲ್ಲ. ಚಿಕ್ಕಪ್ಪ ನಿಜವಾಗ್ಲೂ ಹೆದರಿ ಹೋಗಿದ್ರು. ಅಷ್ಟರಲ್ಲಿ ಚಿಕ್ಕಮ್ಮ ಒಳಗಿಂದ ಬಂದು ಫೋನ್ ಇಸ್ಕೊಂಡು, "ರೀ ಸ್ವಾಮಿ, ಇವ್ರು ಸ್ನಾನ ಮಾಡಿಲ್ಲ ಇನ್ನೂ, ಅರ್ಧ ಗಂಟೆ ಬಿಟ್ಟು ಮಾಡಿ" ಅಂತ ಕಟ್ ಮಾಡಿದ್ರಂತೆ. ಇವರು ಗೀಸರ್ ಹಾಕಿ ಸ್ನಾನ ಮಾಡಿ ಪಂಚೆ ಉಟ್ಕೋವಷ್ಟರಲ್ಲಿ ತಲೆ ತಣ್ಣಗಾಗಿ, ಮಗನಿಗೆ ಫೋನ್ ಮಾಡಿ, ಸೈಬರ್ ವಂಚನೆ ಸಹಾಯವಾಣಿ 1930ಕ್ಕೆ ದೂರು ಕೊಟ್ರು. ಕಾನೂನಲ್ಲಿ ಡಿಜಿಟಲ್ ಅರೆಸ್ಟ್ ಅನ್ನೋದೇ ಇಲ್ಲ, 2024ರ ಅಕ್ಟೋಬರ್‌ನಲ್ಲಿ ಪ್ರಧಾನಿಗಳೇ ರೇಡಿಯೋದಲ್ಲಿ ಹೇಳಿದ್ರು, ಆದ್ರೂ ಜನ ಕೋಟಿಗಟ್ಟಲೆ ಕಳ್ಕೊಳ್ತಿದಾರೆ. ನೋಡಿ, ಅವನಿಗೆ ನಮ್ಮ ಚಿಕ್ಕಪ್ಪನ ಹೆಸರು, ವಿಳಾಸ, ಆಧಾರ್ ನಂಬರಿನ ಕೊನೇ ನಾಲ್ಕು ಅಂಕಿ ಎಲ್ಲ ಗೊತ್ತಿತ್ತು. ನಮಗೆ ಅವನ ಮೀಸೆ ಅಂಟಿಸಿದ್ದಾ ನಿಜದ್ದಾ ಅಂತಲೂ ಗೊತ್ತಿಲ್ಲ.

ಇನ್ನೂ ದೊಡ್ಡ ಮುಖವಾಡದ್ದು ಒಂದು ಹೇಳಿ ನಿಲ್ಲಿಸ್ತೀನಿ, ಇದು ನಮ್ಮ ಕೆಲಸದೋರಿಗೆ ದೇವರ ಕಥೆ ಇದ್ದ ಹಾಗೆ. ಎಕ್ಸ್‌ಜೆಡ್ ಅಂತ ಒಂದು ಪುಟ್ಟ ಸಾಫ್ಟ್‌ವೇರ್, ಫೈಲುಗಳನ್ನ ಒತ್ತಿ ಚಿಕ್ಕದು ಮಾಡೋದು, ಹಾಸಿಗೆ ಮಡಿಸಿ ಬ್ಯಾಗಿಗೆ ತುರುಕಿದ ಹಾಗೆ. ವಿಂಡೋಸ್ ಬದಲು ಲಿನಕ್ಸ್ ಅನ್ನೋ ವ್ಯವಸ್ಥೆ ಮೇಲೆ ಓಡೋ ಪ್ರಪಂಚದ ಎಷ್ಟೋ ಕಂಪ್ಯೂಟರ್‌ಗಳಲ್ಲಿ ಇದೆ. ಅದನ್ನ ನೋಡ್ಕೊಳ್ತಿದ್ದದ್ದು ಫಿನ್ಲೆಂಡ್‌ನ ಲಾಸ್ಸೆ ಕಾಲಿನ್ ಅನ್ನೋರು, ಸಂಬಳ ಇಲ್ಲ, ಬಿಡುವಿನ ಕೆಲಸ. 2021ರ ಕೊನೇಲಿ ಜಿಯಾ ಟಾನ್ ಅಂತ ಒಬ್ಬ ಬಂದ, ಸಹಾಯ ಮಾಡ್ತೀನಿ ಅಂತ. ಮುಖ ಯಾರೂ ನೋಡಿಲ್ಲ. ಒಳ್ಳೇ ಕೆಲಸ ಮಾಡಿದ, ತಾಳ್ಮೆಯಿಂದ. ಅದೇ ಹೊತ್ತಿಗೆ ಇನ್ನೂ ಕೆಲವು ಹೆಸರುಗಳು ಬಂದು ಲಾಸ್ಸೆ ಮೇಲೆ ಒತ್ತಡ ಹಾಕೋಕೆ ಶುರು, ಯಾಕೆ ಇಷ್ಟು ನಿಧಾನ, ಬೇರೆಯೋರಿಗೆ ಬಿಟ್ಟುಕೊಡಿ ಅಂತ. ಅದರಲ್ಲೊಂದು ಹೆಸರು ಜಿಗರ್ ಕುಮಾರ್! ಅದೂ ಯಾರೋ ಹಾಕ್ಕೊಂಡ ಮುಖವಾಡವೇ ಅಂತ ನೋಡಿದೋರ ಲೆಕ್ಕಾಚಾರ, ನಮ್ಮ ಕಡೆ ಹೆಸರು ಯಾಕೆ ಎಳೆದ್ರೋ. ಲಾಸ್ಸೆ ಪಾಪ ಮೊದಲೇ ಮನಸ್ಸಿಗೆ ಹುಷಾರಿಲ್ಲ ಅಂತ ಹೇಳ್ಕೊಂಡಿದ್ರು, ನಿಧಾನವಾಗಿ ಜಿಯಾ ಟಾನ್‌ಗೆ ಬೀಗದಕೈ ಕೊಟ್ರು. ಎರಡು ವರ್ಷ ಕಾದು, 2024ರ ಫೆಬ್ರವರಿಯಲ್ಲಿ ಅವನು ಒಳಗೆ ಒಂದು ಕಳ್ಳಬಾಗಿಲು ಇಟ್ಟ. ಅದು ಎಲ್ಲ ಕಡೆ ಹರಡಿದ್ರೆ ಲೆಕ್ಕವಿಲ್ಲದಷ್ಟು ಸರ್ವರ್‌ಗಳ ಒಳಗೆ ಅವನು ಹೇಳದೆ ಕೇಳದೆ ಹೋಗಬಹುದಿತ್ತು.

ಹಿಡಿದದ್ದು ಯಾರು? ಆಂಡ್ರೆಸ್ ಫ್ರಾಯಿಂಡ್ ಅಂತ ಮೈಕ್ರೋಸಾಫ್ಟ್‌ನಲ್ಲಿ ಕೆಲಸ ಮಾಡೋ ಒಬ್ಬ ಎಂಜಿನಿಯರ್, ಡೇಟಾಬೇಸ್ ಕೆಲಸದೋನು. ಲಾಗಿನ್ ಆಗೋಕೆ ಮಾಮೂಲಿಗಿಂತ ಸುಮಾರು ಅರ್ಧ ಸೆಕೆಂಡ್ ಜಾಸ್ತಿ ತಗೋತಿದೆ ಅಂತ ಅವನಿಗೆ ಕಿರಿಕಿರಿ ಆಯ್ತು. ಅರ್ಧ ಸೆಕೆಂಡ್! ನಾವಾದ್ರೆ ನೆಟ್ ಸ್ಲೋ ಅಂತ ಕಾಫಿ ಕುಡಿಯೋಕೆ ಹೋಗ್ತೀವಿ. ಅವನು ಬಿಡಲಿಲ್ಲ, ಎಳೆ ಹಿಡಿದು ಹೋಗಿ ಹೋಗಿ, 2024ರ ಮಾರ್ಚ್ 29ಕ್ಕೆ, ಒಂದು ಶುಕ್ರವಾರ, ಎಲ್ಲರಿಗೂ ತನ್ನ ಸ್ವಂತ ಹೆಸರಲ್ಲೇ ಪತ್ರ ಹಾಕಿದ. ಮುಖವಾಡನೂ ಇಲ್ಲ, ಏನೂ ಇಲ್ಲ. ನಾನು ಅವತ್ತು ರಾತ್ರಿ ಅದನ್ನ ಎರಡು ಸಲ ಓದಿದೆ, ಮಧ್ಯಾಹ್ನ ಬಾಡಿಗೆ ಕಾಮಿಕ್ಸ್ ಓದ್ತಿದ್ದಾಗಿನ ಥರ ಎದೆ ಹೊಡ್ಕೊಳ್ತಿತ್ತು. ಜಿಯಾ ಟಾನ್ ಆಮೇಲೆ ಎಲ್ಲೂ ಕಾಣಿಸ್ಲಿಲ್ಲ. ಲಾಸ್ಸೆ ಕಾಲಿನ್ ವಾಪಸ್ ಬಂದು ಮನೆ ಕ್ಲೀನ್ ಮಾಡೋಕೆ ಕೂತ್ರು.

ಇಲ್ಲಿಗೆ ಮಾತು ಮುಗಿಸಿ ಪ್ರಶ್ನೆ ಕೇಳಿ ಅಂದೆ. ಒಂದು ನಿಮಿಷ ಯಾರೂ ಮಾತಾಡ್ಲಿಲ್ಲ. ಆಮೇಲೆ ಹಿಂದಿನ ಸಾಲಿಂದ ಪಿಯುಸಿ ಹುಡುಗಿ ಒಬ್ಬಳು ಎದ್ದು, "ಸರ್, ಆ ಜಡ್ಜು ಸ್ನಾನ ಮಾಡುವಾಗ ಬಳೆ ತೆಗೀತಿದ್ರಾ?" ಅಂದ್ಲು. ನನ್ನ ಹತ್ರ ಉತ್ತರ ಇರಲಿಲ್ಲ, ಆದ್ರೆ ಅದು ಸರಿಯಾದ ಪ್ರಶ್ನೆ ಅಂದೆ. ಒಬ್ಬ ಹಿರಿಯರು ನಮ್ಮ ಪೆನ್ಷನ್‌ಗೆ ಜೀವನ ಪ್ರಮಾಣ ಪತ್ರ ಮೊಬೈಲ್‌ನಲ್ಲೇ ಮುಖ ತೋರಿಸಿ ಮಾಡ್ತೀವಿ, ಆಫೀಸಿಗೆ ಅಲೆಯೋದು ತಪ್ಪಿದೆ, ಅದಕ್ಕೇನಂತೀರಿ ಅಂದ್ರು. ಹೌದು ಸಾರ್, ಒಳ್ಳೇದೇ ಆಗಿದೆ ಅಂದೆ, ಆಗಿರೋದು ನಿಜ. ಅವರಿಗೆ ತೃಪ್ತಿ ಆಗಿ ಕೂತ್ರು.

ಅಷ್ಟರಲ್ಲಿ ನನ್ನ ಸ್ನೇಹಿತ ಓಡಿ ಬಂದು ಎಲ್ಲರೂ ಮುಂದೆ ಬನ್ನಿ, ಫೋಟೋ ಅಂದ. ಮಾಮೂಲಿ ಫೋಟೋ ಅಲ್ಲ. ಜಿಪಿಎಸ್ ಫೋಟೋನೇ ಬೇಕಂತೆ, ಕೆಳಗಡೆ ಮ್ಯಾಪು, ಅಕ್ಷಾಂಶ ರೇಖಾಂಶ, ದಿನಾಂಕ, ಟೈಮು ಎಲ್ಲ ಬೀಳಬೇಕು, ಎಲ್ಲರ ಮುಖ ಸ್ಪಷ್ಟವಾಗಿ ಕಾಣಬೇಕು, ಇಲ್ಲಾಂದ್ರೆ ಕಾರ್ಯಕ್ರಮ ನಡೆದಿದೆ ಅಂತ ಮೇಲಿನೋರು ಒಪ್ಪಲ್ಲ, ಬಾಳೆಹಣ್ಣು ಟೀ ಬಿಲ್ಲೂ ಪಾಸಾಗಲ್ಲ. ಈಗ ತಾನೇ ಮುಕ್ಕಾಲು ಗಂಟೆ ಇದರ ಮೇಲೇ ಮಾತಾಡಿದೀನಿ, ಅವನಿಗೂ ಗೊತ್ತು, ನಗ್ತಾ ಇದಾನೆ. ನನ್ನನ್ನ ಮಧ್ಯ ನಿಲ್ಲಿಸಿದ್ರು. ಎರಡು ಸಲ ಲೊಕೇಶನ್ ಸಿಗಲಿಲ್ಲ, ಕಿಟಕಿ ಹತ್ರ ಹೋಗಿ ಅಂದ, ಮೂವತ್ತು ಜನ ಕಿಟಕಿ ಹತ್ರ ಸರಿದ್ವಿ. ಮೂರನೇ ಸಲ ಸಿಕ್ತು. ಆ ಫೋಟೋ ಈಗ ನನ್ನ ಹತ್ರ ಇದೆ, ಎಲ್ಲರ ಮುಖವೂ ಚೆನ್ನಾಗಿ ಬಂದಿದೆ, ಒಬ್ಬನದು ಬಿಟ್ಟು. ಮುಂದಿನ ಸಾಲಲ್ಲಿ ಎಂಟು ಒಂಬತ್ತು ವರ್ಷದ ಹುಡುಗ ಒಬ್ಬ, ನಾನು ತೋರಿಸೋಕೆ ಅಂತ ತಂದಿದ್ದ ಹಳೇ ಫ್ಯಾಂಟಮ್ ಪುಸ್ತಕನ ಮುಖದ ಮುಂದೆ ಅಡ್ಡ ಹಿಡ್ಕೊಂಡಿದಾನೆ.